ಊರ ಕಲ್ಲೇಶ್ವರನ ಗುಡಿ ಎಷ್ಟು ಹಳೆಯದು?

ಪ್ರಶ್ನೆ: ನಮ್ಮ ತಂದೆಯವರದು ಅರಸೀಕೆರೆ ಸೀಮೆಯ ಒಂದು ಸಣ್ಣ ಹಳ್ಳಿ. ಕೆರೆ ಏರಿಯ ಪಕ್ಕದಲ್ಲಿ ಹಳೆಯ ಕಲ್ಲೇಶ್ವರನ ಗುಡಿ ಇದೆ. ಜಕಣಾಚಾರಿ ಒಂದೇ ರಾತ್ರಿಯಲ್ಲಿ ಕಟ್ಟಿದ್ದು, ಸಾವಿರ ವರ್ಷವಾಗಿದೆ ಎಂದು ಹಿರಿಯರು ಹೇಳುತ್ತಾರೆ. ಫಲಕ ಏನೂ ಇಲ್ಲ. ಬಾಗಿಲ ಮುಂದೆ ಸೂರ್ಯ, ಚಂದ್ರರನ್ನು ಕೆತ್ತಿದ ಕಲ್ಲೊಂದು ಅರ್ಧ ಹೂತುಕೊಂಡು ನಿಂತಿದೆ. ಈ ಸಲ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಿದ್ದೇವೆ. ಗುಡಿಯನ್ನು ಹೇಗೆ ನೋಡಬೇಕು, ಅದರ ನಿಜವಾದ ಇತಿಹಾಸ ತಿಳಿಯುವುದು ಹೇಗೆ? ಊರಿನ ಹುಡುಗರು ಶಿವರಾತ್ರಿಯೊಳಗೆ ಬಣ್ಣ ಬಳಿಸಿ ಟೈಲ್ಸ್ ಹಾಕಿಸಬೇಕೆಂದು ಚಂದಾ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಚಂದಾ ಖಂಡಿತ ಕೊಡಿ. ಬಣ್ಣಕ್ಕಲ್ಲ, ಟೈಲ್ಸಿಗಲ್ಲ, ಮಾಡು ಸೋರದಂತೆ ಮಾಡಿಸುವುದಕ್ಕೆ. ಏಕೆಂಬುದು ಮುಂದೆ ಬರುತ್ತದೆ.

ಶಾಸನಗಳ ಬೆನ್ನು ಹತ್ತಿ ನಾನು ಊರೂರು ಅಲೆದು ಬಹಳ ವರ್ಷವಾಯಿತು. ಹೋದ ಕಡೆಯಲ್ಲೆಲ್ಲ ಜನ ಕೇಳುವುದು ಒಂದೇ ಮಾತು: "ಇದನ್ನ ಕಟ್ಟಿಸಿದ ರಾಜ ಯಾರು ಸ್ವಾಮಿ?" ಈ ಪ್ರಶ್ನೆಯಲ್ಲೇ ಒಂದು ತೊಡಕಿದೆ. ಹಳ್ಳಿಯ ಗುಡಿಗಳಲ್ಲಿ ಬಹುಪಾಲನ್ನು ರಾಜರು ಕಟ್ಟಿಸಿಲ್ಲ. ರಾಜನ ಹೆಸರು ಶಾಸನದಲ್ಲಿ ಇರುತ್ತದೆ, ಇಂಥವನು ಆಳುತ್ತಿದ್ದಾಗ ಎಂದು ಕಾಲ ಹೇಳುವುದಕ್ಕೆ. ಕಟ್ಟಿಸಿದವರು ಒಬ್ಬ ಸೆಟ್ಟಿ, ಒಬ್ಬ ಗೌಡ, ಒಬ್ಬ ದಂಡನಾಯಕ, ಎಷ್ಟೋ ಕಡೆ ಒಬ್ಬ ಹೆಣ್ಣುಮಗಳು. ಕಟ್ಟಿದ ಮೇಲೆ ಆ ಗುಡಿಯಲ್ಲಿ ಶತಮಾನಗಟ್ಟಲೆ ದೀಪ ಆರದಂತೆ ನೋಡಿಕೊಂಡವರು ಊರವರು. ಹಾಗಾಗಿ ಕಟ್ಟಿದವರು ಯಾರು ಎನ್ನುವುದರ ಜೊತೆಗೆ ನಡೆಸಿದವರು ಯಾರು ಎಂದೂ ಕೇಳಿಕೊಂಡು ಹೋಗಿ. ಎರಡನೆಯದಕ್ಕೆ ಉತ್ತರ ಹುಡುಕುತ್ತ ಹೋದರೆ ಮೊದಲನೆಯದು ತಾನಾಗಿ ಸಿಗುತ್ತದೆ.

ನಿಮ್ಮ ಸೀಮೆಯದೇ ಉದಾಹರಣೆಗಳನ್ನು ಕೊಡುತ್ತೇನೆ. ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಹೊಯ್ಸಳರ ಆರಂಭಕಾಲದ್ದು, ಸುಮಾರು 1113ರದು, ಬೇಲೂರಿಗಿಂತ ಹಿಂದಿನದು. ಅದನ್ನು ಮಾಡಿಸಿದವರು ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಆಗ ಆಳುತ್ತಿದ್ದವನು ವಿಷ್ಣುವರ್ಧನ. ಕೊಲ್ಲಾಪುರದ ಮಹಾಲಕ್ಷ್ಮಿಯ ನೆನಪಿಗೆ ಆ ಊರನ್ನು ಶಾಸನ ಅಭಿನವ ಕೊಲ್ಲಾಪುರ ಎಂದು ಕರೆಯುತ್ತದೆ. ಕೊರವಂಗಲದಲ್ಲಿ ಮೂವರು ಅಣ್ಣತಮ್ಮಂದಿರು, ಗೋವಿಂದ, ನಾಕ, ಬೂಚಿ, ಒಬ್ಬೊಬ್ಬರು ಒಂದೊಂದು ಗುಡಿ ಕಟ್ಟಿಸಿದರು. ಗೋವಿಂದೇಶ್ವರ, ನಾಕೇಶ್ವರ ಹಾಳಾಗಿವೆ. ಬೂಚೇಶ್ವರ ಇನ್ನೂ ನಿಂತಿದೆ, ಅದು 1173ರದು. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಬ್ರಹ್ಮೇಶ್ವರನ ಗುಡಿಯನ್ನು 1171ರಲ್ಲಿ ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ. ಹೆಸರುಗಳನ್ನು ಗಮನಿಸಿ. ಬೂಚಿ ಕಟ್ಟಿಸಿದ್ದು ಬೂಚೇಶ್ವರ, ಬಮ್ಮವ್ವೆ ಕಟ್ಟಿಸಿದ್ದು ಬ್ರಹ್ಮೇಶ್ವರ, ಅಮೃತ ದಂಡನಾಯಕ ಕಟ್ಟಿಸಿದ್ದು ಅಮೃತೇಶ್ವರ. ಲಿಂಗಕ್ಕೆ ಕಟ್ಟಿಸಿದವರ ಹೆಸರನ್ನೋ ಅವರ ತಂದೆತಾಯಿಯರ ಹೆಸರನ್ನೋ ಇಡುವುದು ಆ ಕಾಲದ ವಾಡಿಕೆ. ಆ ಹೆಸರು ಜನರ ಬಾಯಿಂದ ಜಾರಿಹೋದಾಗ ಕಲ್ಲಿನ ಗುಡಿಯ ಈಶ್ವರ ಕಲ್ಲೇಶ್ವರನಾಗುತ್ತಾನೆ. ನಿಮ್ಮೂರ ದೇವರಿಗೂ ಹೀಗೆ ಮರೆತುಹೋದ ಇನ್ನೊಂದು ಹೆಸರು ಇದ್ದೀತು. ಆ ಅರ್ಧ ಹೂತ ಕಲ್ಲಿನಲ್ಲಿ ಅದು ಇರುವ ಸಂಭವವೇ ಹೆಚ್ಚು.

ಜಕಣಾಚಾರಿಯ ಮಾತಿಗೆ ಬರೋಣ. ಹಿರಿಯರು ಹೇಳುವಾಗ ತಲೆಯಾಡಿಸಿ ಕೇಳಿ, ತಿದ್ದಲು ಹೋಗಬೇಡಿ. ಕಪ್ಪೆ ಇದ್ದ ಕಲ್ಲು, ಮಗ ಡಂಕಣ, ಕೈ ಕಡಿದುಕೊಂಡ ಶಿಲ್ಪಿ, ಕೈದಾಳದ ಚೆನ್ನಕೇಶವ: ಈ ಕಥೆಯನ್ನು ಕೇಳಿ ಬೆಳೆಯದ ಕನ್ನಡಿಗ ಇಲ್ಲ. ಆದರೆ ಬೇಲೂರಿನ ಶಿಲ್ಪಗಳ ಕೆಳಗೆ ಕೆತ್ತಿರುವ ಹೆಸರುಗಳು ಬೇರೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇನ್ನೂ ಅನೇಕರು. ಚನ್ನರಾಯಪಟ್ಟಣದ ಕಡೆಯ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹನ ಗುಡಿಗೆ ಹೋದರೆ ಒಂದು ಪಕ್ಕದ ಗೋಡೆಯ ಕೆಲಸ ಬೈಚೋಜನದು, ಇನ್ನೊಂದು ಪಕ್ಕದ್ದು ಮಲ್ಲಿತಮ್ಮನದು. ಅದೇ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲೂ ಮತ್ತೆ ಮತ್ತೆ ಸಿಗುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನನಗೆ ಬಹಳ ಸಂತೋಷವಾಯಿತು. ಅಲ್ಲಿ ದುಡಿದ ಕೈಗಳೇ ಹೆಸರು ಕೇಳದ ಹಳ್ಳಿಗಳಲ್ಲೂ ದುಡಿದಿವೆ ಎಂಬುದನ್ನು ಮಕ್ಕಳಿಗೆ ಹೇಳಿ. ಗುಡಿಯ ವಿಗ್ರಹಗಳ ಪೀಠದ ಅಂಚಿನಲ್ಲಿ ಬೆರಳುದ್ದದ ಒಂದು ಸಾಲು ಏನಾದರೂ ಇದೆಯೇ ಎಂದು ಅವರೇ ಹುಡುಕಲಿ. ಮಕ್ಕಳ ಕಣ್ಣು ಅಂಥವನ್ನು ನಮಗಿಂತ ಬೇಗ ಹಿಡಿಯುತ್ತದೆ.

ಈಗ ನೋಡುವ ಬಗೆ. ಕಾರಿನಿಂದ ಇಳಿದವರು ನೇರ ಬಾಗಿಲಿಗೆ ಹೋಗಬೇಡಿ. ಮೊದಲು ಕೆರೆ ಏರಿಯ ಮೇಲೆ ನಿಂತು ಊರನ್ನು ನೋಡಿ. ಕೆರೆ, ಗದ್ದೆ, ಗುಡಿ ಮೂರೂ ಒಂದೇ ಏರ್ಪಾಡಿನ ಭಾಗಗಳು. ಕೆರೆ ಕಟ್ಟಿದರೆ ಗದ್ದೆ, ಗದ್ದೆಯಲ್ಲಿ ಒಂದು ಪಾಲು ದೇವರಿಗೆ, ದೇವರ ಪಾಲಿನಿಂದ ನೈವೇದ್ಯ, ಅದರಿಂದ ಪೂಜಾರಿಗೂ ವಾದ್ಯದವನಿಗೂ ಹೂ ಕಟ್ಟುವವಳಿಗೂ ಅನ್ನ. ಶಾಸನಗಳಲ್ಲಿ 'ಕೆರೆಯ ಕೆಳಗಣ ಗದ್ದೆ' ಎಂಬ ಮಾತು ಎಷ್ಟು ಸಲ ಬರುತ್ತದೆಂದರೆ, ಅದನ್ನು ಓದಿದ ಮೇಲೆ ಏರಿಯ ಮೇಲೆ ನಿಂತು ನೋಡದೆ ಇರಲಾಗುವುದಿಲ್ಲ. ತೂಬಿನ ಕಂಬಗಳನ್ನೂ ನೋಡಿಬನ್ನಿ. ಕೆಲವು ಕಡೆ ಅವುಗಳ ಮೇಲೂ ಅಕ್ಷರ ಇರುತ್ತದೆ.

ಆಮೇಲೆ ಗುಡಿಯನ್ನು ಹೊರಗಿನಿಂದ ಒಂದು ಸುತ್ತು ಬನ್ನಿ. ಸುತ್ತುವಾಗ ಕಣ್ಣು ಶಿಖರದ ಮೇಲೆ ಬೇಡ, ಬುಡದ ಮೇಲಿರಲಿ. ಶಿಖರ ಬೀಳುತ್ತದೆ, ಮತ್ತೆ ಕಟ್ಟುತ್ತಾರೆ. ಗೋಡೆಯೂ ಹಾಗೆಯೇ. ಬುಡ ಮಾತ್ರ ಬಹುಮಟ್ಟಿಗೆ ಮೊದಲು ಇಟ್ಟ ಜಾಗದಲ್ಲೇ ಇರುತ್ತದೆ. ಗುಡಿ ಎಷ್ಟು ಹಳೆಯದು ಎಂದು ಒಂದು ಇಸವಿ ಕೇಳುವವರಿಗೆ ನಾನು ಹೇಳುವುದು ಇದನ್ನೇ: ಹಳ್ಳಿಯ ಗುಡಿಗೆ ಒಂದೇ ವಯಸ್ಸು ಇರುವುದಿಲ್ಲ. ಗರ್ಭಗುಡಿ ಒಂದು ಕಾಲದ್ದು, ನವರಂಗ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಹಜಾರ, ಇನ್ನೊಂದು ಕಾಲದ್ದು, ಮುಂದಿನ ಮಂಟಪ ಮತ್ತೊಂದು ಕಾಲದ್ದು, ಮೇಲಿನ ಇಟ್ಟಿಗೆ ಗಾರೆಯ ಗೋಪುರ ನಮ್ಮ ಮುತ್ತಜ್ಜನ ಕಾಲದ್ದು. ನಾಲ್ಕು ತಲೆಮಾರು ವಾಸ ಮಾಡಿದ ತೊಟ್ಟಿಮನೆಯನ್ನು ನೋಡಿದರೆ ಯಾವ ಕೋಣೆ ಅಜ್ಜನದು, ಯಾವುದು ಅಪ್ಪ ಸೇರಿಸಿದ್ದು ಎಂದು ಗೊತ್ತಾಗುವುದಿಲ್ಲವೇ, ಹಾಗೆ.

ಯಾವ ಭಾಗ ಯಾವಾಗಿನದು ಎಂದು ಅಂದಾಜು ಮಾಡಲು ಕಂಬವನ್ನು ಮುಟ್ಟಿ ನೋಡಿ. ನಿಮ್ಮ ಕಡೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕಂಬ ನುಣ್ಣಗೆ, ತಣ್ಣಗೆ, ಬೂದು ಹಸಿರು ಬಣ್ಣದ ಬಳಪದ ಕಲ್ಲಿನದಾಗಿದ್ದು, ಗುಂಡಗೆ ತಿರುಗಣೆಯಲ್ಲಿ ತೀಡಿದ ಹಾಗೆ ಸುತ್ತಲೂ ಏರು ತಗ್ಗಿನ ಬಳೆಗಳಿದ್ದರೆ, ಅದು ಕಲ್ಯಾಣದ ಚಾಲುಕ್ಯರ ಅಥವಾ ಹೊಯ್ಸಳರ ಕಾಲದ ಕೆಲಸ. ಬೆರಳಿಟ್ಟು ಕಂಬದ ಸುತ್ತ ಒಂದು ಬಳೆಯ ಮೇಲೆ ಒಯ್ದು ನೋಡಿ, ಎಲ್ಲೂ ತಡೆಯುವುದಿಲ್ಲ. ಈ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಡಸು. ಅದಕ್ಕೇ ಸರದ ಮಣಿಗಳನ್ನೂ ಬಿಡಿ ಬಿಡಿಯಾಗಿ ಕೆತ್ತಲು ಸಾಧ್ಯವಾಯಿತು. ಕಂಬ ಕಣಶಿಲೆಯದಾಗಿದ್ದು (ಗ್ರಾನೈಟ್), ಚೌಕ, ಎಂಟುಮೂಲೆ, ಮತ್ತೆ ಚೌಕ ಎಂದು ಮೇಲೇರಿ, ಚೌಕದ ಮುಖಗಳಲ್ಲಿ ಹನುಮಂತ, ಮೀನು, ಬಿಲ್ಲು ಹಿಡಿದ ಬೇಡ, ಕೋಲಾಟದವರು ಹೀಗೆ ಮೇಲುಮೇಲೆ ಕೆತ್ತಿದ ಚಿತ್ರಗಳಿದ್ದರೆ ಅದು ಸಾಮಾನ್ಯವಾಗಿ ವಿಜಯನಗರದ ಕಾಲದ್ದು, ಇಲ್ಲವೇ ಆಮೇಲಿನ ಪಾಳೆಯಗಾರರದು. ಇವೆರಡಕ್ಕೂ ಹಿಂದಿನದು ಗಂಗರ, ನೊಳಂಬರ ಕೆಲಸ: ತಗ್ಗಾದ ಅಧಿಷ್ಠಾನ (ಗೋಡೆ ನಿಂತಿರುವ ಬುಡದ ಜಗುಲಿ), ಅಲಂಕಾರವಿಲ್ಲದ ಗೋಡೆ, ದಪ್ಪ ಕಂಬ. ಅಲಂಕಾರವೆಲ್ಲ ಒಳಗಿನ ಛಾವಣಿಗೆ ಮೀಸಲು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಅಂಥ ಕಲ್ಲೇಶ್ವರನ ಗುಡಿ ಒಂದಿದೆ. ನವರಂಗದ ನಡುವೆ ನಿಂತು ತಲೆ ಎತ್ತಿದರೆ ಮೇಲೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಪಾಲಕರು. ನಿಮ್ಮೂರಿಗೆ ಹೋಗುವ ದಾರಿಯಲ್ಲಿ ಅದನ್ನು ನೋಡಿಕೊಂಡು ಹೋಗಿ. ಅದೇ ಊರಿನಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವನ ಗುಡಿಯೂ ಇದೆ. ಮುನ್ನೂರು ವರ್ಷಕ್ಕೂ ಹೆಚ್ಚಿನ ಅಂತರವಿರುವ ಎರಡು ಕಟ್ಟಡಗಳನ್ನು ಅರ್ಧ ಗಂಟೆಯಲ್ಲಿ ಅಕ್ಕಪಕ್ಕ ನೋಡಿದರೆ, ಪುಸ್ತಕದ ಹತ್ತು ಪುಟ ಹೇಳಲಾರದ್ದು ಕಣ್ಣಿಗೆ ಗೊತ್ತಾಗುತ್ತದೆ.

ಒಳಗೆ ಹೋದಾಗ ಬಾಗಿಲುವಾಡದ ಮೇಲುಪಟ್ಟಿಯ ನಡುವೆ ಕೆತ್ತಿದ ಮೂರ್ತಿಯನ್ನು, ಅಂದರೆ ಲಲಾಟಬಿಂಬವನ್ನು ನೋಡಿ. ಅಲ್ಲಿ ಗಜಲಕ್ಷ್ಮಿ ಇರುವುದು ಸಾಮಾನ್ಯ. ಪದ್ಮಾಸನದ ಜಿನಮೂರ್ತಿ ಇದ್ದರೆ ಆ ಕಲ್ಲು ಒಂದು ಕಾಲದಲ್ಲಿ ಬಸದಿಯದಾಗಿತ್ತು ಎಂದರ್ಥ. ಅದರಲ್ಲಿ ಗಾಬರಿಯಾಗುವಂಥದ್ದು ಏನೂ ಇಲ್ಲ. ಗೂಡುಗಳಲ್ಲಿ ಗಣಪತಿ, ಮಹಿಷಮರ್ದಿನಿ, ಸಪ್ತಮಾತೃಕೆಯರ ಒಂದೇ ಹಲಗೆ, ಸೂರ್ಯ, ಕೆಲವು ಕಡೆ ಕೇಶವ ಇರುತ್ತಾರೆ. ಈಶ್ವರನ ಗುಡಿಯಲ್ಲಿ ಸೂರ್ಯನೇಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಆ ಕಾಲದ ಶಿವಾಲಯಗಳಲ್ಲಿ ಸೂರ್ಯನಿಗೆ ಗೌರವದ ಜಾಗ ಇತ್ತು. ಕೊರವಂಗಲದಲ್ಲಂತೂ ಲಿಂಗಕ್ಕೆ ಎದುರಾಗಿ ಸೂರ್ಯನದೇ ಒಂದು ಗರ್ಭಗುಡಿ ಇದೆ. ಗರ್ಭಗುಡಿಯ ಒಳಗೆ ನೀವು ಹೋಗುವುದು ಬೇಡ, ಫೋಟೋ ತೆಗೆಯುವ ಮುನ್ನ ಅರ್ಚಕರನ್ನು ಕೇಳಿ. ಹೋಗುವಾಗ ಒಂದು ಬಾಟಲಿ ಎಣ್ಣೆ ಒಯ್ದು ದೀಪಕ್ಕೆ ಕೊಡಿ. ಅದಕ್ಕೆ ಕಾರಣ ಇದೆ.

ಆ ಕಾರಣವೇ ನಿಮ್ಮ ಅರ್ಧ ಹೂತ ಕಲ್ಲು. ಮೇಲೆ ಸೂರ್ಯ, ಚಂದ್ರ ಇದ್ದರೆ ಅದು ಬಹುಶಃ ದಾನಶಾಸನ. ಸೂರ್ಯಚಂದ್ರರಿರುವ ತನಕ ಈ ದಾನ ನಡೆಯಲಿ ಎನ್ನುವುದು ಆ ಚಿತ್ರದ ಮಾತು. ಜೊತೆಗೆ ನಡುವೆ ಲಿಂಗ, ಪಕ್ಕದಲ್ಲಿ ಕೈಮುಗಿದ ಯತಿ, ಇನ್ನೊಂದು ಪಕ್ಕ ಕರುವಿಗೆ ಹಾಲೂಡಿಸುವ ಹಸು ಇದ್ದರೆ ಅನುಮಾನವೇ ಬೇಡ. ಚಿತ್ರಗಳು ಒಂದರ ಮೇಲೊಂದು ಮೂರು ಅಂತಸ್ತಿನಲ್ಲಿದ್ದರೆ ಮಾತ್ರ ಬೇರೆ: ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಅದು ವೀರಗಲ್ಲು. ಊರ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತ ಯಾರದೋ ಮಗನದು. ಬಳೆ ತೊಟ್ಟ ತೋಳೊಂದು ಮೇಲಕ್ಕೆ ಎತ್ತಿದಂತಿದ್ದರೆ ಮಾಸ್ತಿಗಲ್ಲು, ಸತಿ ಹೋದ ಹೆಣ್ಣುಮಗಳ ನೆನಪಿನ ಕಲ್ಲು.

ಹಿಂದೊಮ್ಮೆ ಒಂದು ಹಳ್ಳಿಯಲ್ಲಿ ಇಂಥದೇ ಕಲ್ಲಿನ ಅಚ್ಚು ತೆಗೆದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬೆಳಗ್ಗೆ ಬಿಂದಿಗೆಯಲ್ಲಿ ನೀರು ತಂದು, ನಾರಿನ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ ಪಾಚಿ ತೆಗೆದೆವು. ಒದ್ದೆ ಮಾಡಿದ ಕಾಗದವನ್ನು ಕಲ್ಲಿಗೆ ಹೊದಿಸಿ, ಗುಳ್ಳೆ ಉಳಿಯದಂತೆ ಬ್ರಷ್ಷಿನಿಂದ ತಟ್ಟುತ್ತ ಹೋದರೆ ಕಾಗದ ಅಕ್ಷರದ ತಗ್ಗಿಗೆ ಇಳಿದು ಕೂರುತ್ತದೆ. ಅದು ಇನ್ನೂ ಸ್ವಲ್ಪ ಪಸೆ ಇರುವಾಗ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಹಗುರವಾಗಿ ಒತ್ತಬೇಕು. ಉಬ್ಬಿದ ಕಡೆ ಕಪ್ಪು, ತಗ್ಗಿನ ಕಡೆ ಬಿಳಿ. ಒಂದೊಂದೇ ಬಿಳಿ ಅಕ್ಷರ ಕಪ್ಪಿನೊಳಗಿಂದ ಎದ್ದು ಬರುತ್ತಿತ್ತು. ಸುತ್ತ ಅರ್ಧ ಊರು ನೆರೆದಿತ್ತು. ನಾನು ಎಡವುತ್ತ ಗಟ್ಟಿಯಾಗಿ ಓದಿದೆ: ಇಂಥ ದೇವರ ನಂದಾದೀವಿಗೆಗೆ, ಅಂದರೆ ಆರದಂತೆ ಉರಿಸುವ ದೀಪಕ್ಕೆ, ಊರ ಗಾಣಗಳಿಂದ ಇಷ್ಟು ಎಣ್ಣೆ. ಹಿಂದೆ ನಿಂತಿದ್ದ ಒಬ್ಬ ಮುದುಕಿ, "ನಮ್ಮ ಮನೇವ್ರು ಗಾಣದೋರೇ ಕಣಪ್ಪ, ನಮ್ಮತ್ತೆ ಕಾಲದವರೆಗೂ ಸೋಮವಾರ ಎಣ್ಣೆ ಕೊಡ್ತಿದ್ವಿ, ಯಾಕೆ ಅಂತ ಗೊತ್ತಿರಲಿಲ್ಲ" ಎಂದಳು. ನನಗೆ ಮುಂದಿನ ಸಾಲು ಓದಲು ಸ್ವಲ್ಪ ಹೊತ್ತು ಆಗಲಿಲ್ಲ.

ಶಾಸನ ಓದುವುದು ಕಷ್ಟ, ಆದರೆ ಅದರ ಅಂಗಾಂಗ ಗುರುತಿಸುವುದು ಕಷ್ಟವಲ್ಲ. ಶೈವ ಶಾಸನವಾದರೆ ಬಹುಶಃ 'ನಮಸ್ತುಂಗ ಶಿರಶ್ಚುಂಬಿ ಚಂದ್ರಚಾಮರ ಚಾರವೇ' ಎಂಬ ಶ್ಲೋಕದಿಂದ ಶುರುವಾಗುತ್ತದೆ. ಅದು ಬಾಣನ ಹರ್ಷಚರಿತದ ಮೊದಲ ಪದ್ಯ. ಜೈನರದಾದರೆ 'ಶ್ರೀಮತ್ಪರಮಗಂಭೀರ'. ಆಮೇಲೆ 'ಸ್ವಸ್ತಿ', ರಾಜನ ಬಿರುದುಗಳು. 'ದ್ವಾರಾವತೀಪುರವರಾಧೀಶ್ವರ' ಎಂದು ಬಂದರೆ ಹೊಯ್ಸಳ. ವಿಜಯನಗರದ ಕಾಲಕ್ಕೆ ಬರುವಾಗ ಭಾಷೆ ನಮ್ಮ ಮಾತಿಗೆ ಹತ್ತಿರವಾಗಿ 'ಕ್ರಮವೆಂತೆಂದರೆ' ಎಂಬಂಥ ಮಾತು ಸಿಗುತ್ತದೆ. ನಂತರ ತೇದಿ. ಶಕವರ್ಷಕ್ಕೆ 78 ಕೂಡಿಸಿದರೆ ನಮ್ಮ ಇಸವಿ. ಶಕ 1095 ಎಂದರೆ 1173. ಸಂವತ್ಸರದ ಹೆಸರಿನಿಂದ ತಾಳೆ ನೋಡಬಹುದು. ಈಚೆಗೆ 2013ರ ಯುಗಾದಿಗೆ ಬಂದದ್ದು ವಿಜಯ ಸಂವತ್ಸರ. ಅಲ್ಲಿಂದ ಅರವತ್ತರ ಹದಿನಾಲ್ಕು ಸುತ್ತು, ಅಂದರೆ 840 ವರ್ಷ ಹಿಂದಕ್ಕೆ ಹೋದರೆ 1173, ಅದೂ ವಿಜಯವೇ. ಒಂದು ವರ್ಷ ಆಚೀಚೆ ಆಗುವುದುಂಟು, ಕಳೆದ ವರ್ಷ ಎಣಿಸಿದರೋ ನಡೆಯುವ ವರ್ಷ ಎಣಿಸಿದರೋ ಎಂಬುದರ ಮೇಲೆ. ಮಕ್ಕಳಿಗೆ ಈ ಲೆಕ್ಕ ಬಹಳ ಹಿಡಿಸುತ್ತದೆ.

ತೇದಿಯಾದ ಮೇಲೆ ನಿಜವಾದ ವಿಷಯ. ಯಾರು, ಯಾರ ಕಾಲು ತೊಳೆದು, ಧಾರೆ ಎರೆದು, ಏನನ್ನು ಬಿಟ್ಟರು. ದೇವರ ಅಂಗಭೋಗಕ್ಕೆ (ಅಭಿಷೇಕ, ಅಲಂಕಾರ), ರಂಗಭೋಗಕ್ಕೆ (ಹಾಡು, ಕುಣಿತ), ನಂದಾದೀವಿಗೆಗೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ. ಈ ಕೊನೆಯ ಮಾತು ನನಗೆ ತುಂಬ ಪ್ರಿಯ. ಒಡೆದದ್ದು, ಬಿರುಕು ಬಿಟ್ಟದ್ದು, ಜೀರ್ಣವಾದದ್ದನ್ನು ಸರಿಪಡಿಸುವುದು ಎಂದು ಅರ್ಥ. ಹೊಸದಾಗಿ ಕಟ್ಟಿದ ದಿನವೇ ಮುಂದಿನ ದುರಸ್ತಿಗೂ ಹಣ ಎತ್ತಿಡುತ್ತಿದ್ದರು. ಆಮೇಲೆ ಗದ್ದೆಯ ಎಲ್ಲೆ: ಮೂಡಲು ಹುಣಸೆಯ ಮರ, ತೆಂಕಲು ಹಳ್ಳ, ಪಡುವಲು ಹುತ್ತ. ಕೊನೆಗೆ ಶಾಪ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಆ ಭೂಮಿಯನ್ನು ಕಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ 'ಸ್ವದತ್ತಾಂ ಪರದತ್ತಾಂ ವಾ' ಶ್ಲೋಕ, ಜೊತೆಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ.

ಹಾಗಾದರೆ ಆ ಗದ್ದೆಗಳು ಈಗ ಎಲ್ಲಿ ಎಂದು ನೀವು ಕೇಳಬಹುದು. ಹಳೇ ಮೈಸೂರು ಸೀಮೆಯಲ್ಲಿ 1955ರ ಧಾರ್ಮಿಕ ಮತ್ತು ದತ್ತಿ ಇನಾಂ ರದ್ದತಿ ಕಾಯಿದೆಯಿಂದ ದೇವಸ್ಥಾನದ ಇನಾಂ ಜಮೀನುಗಳು ಸರ್ಕಾರಕ್ಕೆ ಸೇರಿದವು, ಉಳುವವರಿಗೆ ಹಕ್ಕು ಸಿಕ್ಕಿತು, ಗುಡಿಗೆ ವರ್ಷಕ್ಕಿಷ್ಟು ಎಂದು ತಸ್ತೀಕು ನಿಗದಿಯಾಯಿತು. ಉಳುವವನಿಗೆ ಭೂಮಿ ಬಂದದ್ದು ನ್ಯಾಯವೇ. ಆದರೆ ಗದ್ದೆಯ ಬೆಳೆ ಬೆಲೆಯ ಜೊತೆ ಏರುತ್ತಿತ್ತು, ತಸ್ತೀಕು ಹಾಗೆ ಏರಲಿಲ್ಲ. ಹಳ್ಳಿಯ ಗುಡಿಯಲ್ಲಿ ಹೊತ್ತಿಗೊಂದು ದೀಪ ಹಚ್ಚುವುದೂ ಕಷ್ಟವಾದದ್ದು ಹೀಗೆ. ಅರ್ಚಕರ ಮಕ್ಕಳು ಪೇಟೆಗೆ ಹೋದರು, ಮಾಡಿನ ಮೇಲೆ ಅರಳಿ ಸಸಿ ಹುಟ್ಟಿತು, ಬೇರು ಕಲ್ಲಿನ ಸಂದಿಗೆ ಇಳಿಯಿತು. ನೀವು ಒಯ್ಯುವ ಎಣ್ಣೆಯನ್ನು ನಾನು ಸುಮ್ಮನೆ ಹೇಳಿದ್ದಲ್ಲ.

ಕಲ್ಲಿನಲ್ಲಿ ಏನಿದೆ ಎಂದು ತಿಳಿಯಲು ನೀವು ಅದನ್ನು ಓದಲೇಬೇಕೆಂದಿಲ್ಲ. ಬಹುಶಃ ಯಾರೋ ಆಗಲೇ ಓದಿದ್ದಾರೆ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಗೂ ತಮ್ಮ ಪಂಡಿತರೊಡನೆ ಹುಡುಕಾಡಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅದೇ ಎಪಿಗ್ರಾಫಿಯಾ ಕರ್ನಾಟಿಕಾ. ಜಿಲ್ಲೆಗೊಂದು, ಎರಡು ಸಂಪುಟ, ಒಳಗೆ ತಾಲ್ಲೂಕುವಾರು ಕ್ರಮಸಂಖ್ಯೆ. ಹಾಸನ ಜಿಲ್ಲೆಯದು ಐದನೆಯ ಸಂಪುಟ. ಅರಸೀಕೆರೆ ತಾಲ್ಲೂಕಿನ ಭಾಗ ತೆರೆದು ನಿಮ್ಮೂರ ಹೆಸರು ಹುಡುಕಿ. ಸಿಕ್ಕರೆ ಮೂಲಪಾಠ, ಇಂಗ್ಲಿಷ್ ಅನುವಾದ ಎರಡೂ ಇರುತ್ತವೆ. ರೈಸರ ನಂತರ ಬಂದ ಆರ್. ನರಸಿಂಹಾಚಾರ್ಯರು, ಆಮೇಲೆ ಎಂ.ಎಚ್. ಕೃಷ್ಣ ಅವರ ಕಾಲದ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಸಣ್ಣ ಸಣ್ಣ ಹಳ್ಳಿಗಳ ಗುಡಿಗಳ ವರ್ಣನೆಯೂ ಇದೆ. ಯಾವ ವಿಗ್ರಹ ಎಲ್ಲಿತ್ತು, ಯಾವ ಕಂಬ ಮುರಿದಿತ್ತು ಎಂಬಷ್ಟು ವಿವರ. 1970ರ ದಶಕದಿಂದ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಸಂಪುಟಗಳನ್ನು ತರುತ್ತ ಬಂದಿದೆ. ಊರ ಹೆಸರು ಈಗಿನಂತೆಯೇ ಇರಬೇಕೆಂದಿಲ್ಲ, ಹಳೆಯ ರೂಪಗಳಲ್ಲೂ ಹುಡುಕಿ. ನಮ್ಮ ದೊಡ್ಡಗದ್ದವಳ್ಳಿ ಶಾಸನದಲ್ಲಿ ಗದುಂಬಳ್ಳಿ. ಬೇಗೂರಿನ ನಾಗೇಶ್ವರನ ಗುಡಿಯ ಕಲ್ಲೊಂದರಲ್ಲಿ 'ಬೆಂಗಳೂರ ಕಾಳಗ' ಎಂಬ ಮಾತು ಸಿಕ್ಕಿದ್ದರಿಂದಲೇ ಬೆಂಗಳೂರೆಂಬ ಹೆಸರು ಕೆಂಪೇಗೌಡರಿಗಿಂತ ಆರು ಶತಮಾನ ಹಿಂದಕ್ಕೆ ಹೋಯಿತು. ಅದೂ ಒಂದು ಹಳ್ಳಿಗುಡಿಯ ಕಲ್ಲೇ.

ನೀವೇ ಅಕ್ಷರ ನೋಡಬೇಕೆಂದರೆ ಹೊತ್ತು ಮುಳುಗಿದ ಮೇಲೆ ಹೋಗಿ. ಮೊಬೈಲ್ ಟಾರ್ಚನ್ನು ಎದುರಿನಿಂದ ಹಿಡಿಯದೆ, ಕಲ್ಲಿನ ಪಕ್ಕಕ್ಕೆ, ಮುಖಕ್ಕೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಹಗಲು ಬೋಳಾಗಿ ಕಂಡ ಕಲ್ಲಿನಲ್ಲಿ ಸಾಲುಸಾಲು ಅಕ್ಷರ ನೆರಳಾಗಿ ಮೂಡುತ್ತದೆ. ಎಡದಿಂದ, ಬಲದಿಂದ, ಮೇಲಿನಿಂದ ಒಂದೊಂದು ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಸವೆದ ಅಕ್ಷರಗಳನ್ನೂ ಎತ್ತಿ ಕೊಡುತ್ತಿದ್ದಾರೆ. ಸೀಮೆಸುಣ್ಣ ತುಂಬುವುದು, ಮೈದಾಹಿಟ್ಟು ಬಳಿಯುವುದು, ಮೊಳೆಯಿಂದ ಅಕ್ಷರ ಕೆರೆಯುವುದು ಬೇಡವೇ ಬೇಡ. ಕಲ್ಲಿಗೆ ಎಣ್ಣೆ ಸುರಿಯುವುದೂ ಬೇಡ, ದೂಳು ಅಂಟಿ ಪದರಗಟ್ಟುತ್ತದೆ.

ಇನ್ನು ಬಣ್ಣ, ಟೈಲ್ಸಿನ ಮಾತು. ಹುಡುಗರ ಉತ್ಸಾಹವನ್ನು ಹಳಿಯಬೇಡಿ. ಗುಡಿಗೆ ಏನಾದರೂ ಮಾಡಬೇಕೆನ್ನುವ ಹುಡುಗರು ಇರುವ ಊರು ಪುಣ್ಯ ಮಾಡಿದ ಊರು. ಆದರೆ ನಾನು ಕಂಡದ್ದನ್ನು ಹೇಳಬೇಕು. ಒಂದು ಊರಿನ ನವರಂಗದ ತೊಲೆಯ ಮೇಲೆ ಮೂರು ಸಾಲಿನ ಶಾಸನವಿತ್ತು. ಹತ್ತು ವರ್ಷದ ಮೇಲೆ ಹೋದಾಗ ಒಳಗೆಲ್ಲ ಕೆಂಪು, ಹಳದಿ ಆಯಿಲ್ ಪೇಂಟ್, ತೊಲೆಯ ಮೇಲೆ ಮೂರು ಪದರ. ಅಕ್ಷರದ ತಗ್ಗುಗಳು ತುಂಬಿ ತೊಲೆ ಪ್ಲಾಸ್ಟಿಕ್ಕಿನ ಹಾಗೆ ಹೊಳೆಯುತ್ತಿತ್ತು. ನಾವು ಮೊದಲು ತೆಗೆದ ಅಚ್ಚಿನಲ್ಲಿ ಎರಡನೆಯ ಸಾಲು ಅಸ್ಪಷ್ಟವಾಗಿತ್ತು, ಮತ್ತೆ ಓದೋಣ ಎಂದುಕೊಂಡು ಹೋಗಿದ್ದೆ. ಆ ಸಾಲು ಇನ್ನು ಸಿಗಲಾರದು. ಇನ್ನೊಂದು ಕಡೆ ಹೊರಗೋಡೆಯ ಸುಣ್ಣ ತೆಗೆಯಲು ಮರಳು ಊದಿಸಿದ್ದರು. ಬಳಪದ ಕಲ್ಲಿನ ಮೇಲ್ಪದರವೇ ಹಾರಿಹೋಗಿ ವಿಗ್ರಹಗಳ ಮೂಗು ಕಣ್ಣು ಮಸುಕಾಗಿದ್ದವು. ದುಡ್ಡು ಕೊಟ್ಟವರೂ ಮಾಡಿದವರೂ ಭಕ್ತರೇ.

ಕಲ್ಲು ಉಸಿರಾಡುತ್ತದೆ ಎನ್ನುವುದು ಬರೀ ಮಾತಲ್ಲ. ನೆಲದ ತೇವ ಗೋಡೆಯನ್ನು ಏರಿ ಕಲ್ಲಿನ ಸಂದಿಗಳಿಂದ ಆರಿಹೋಗಬೇಕು. ಸಂದಿಗೆ ಸಿಮೆಂಟು ಮೆತ್ತಿ, ಮೇಲೆ ಪೇಂಟು ಬಳಿದು, ನೆಲಕ್ಕೆ ಟೈಲ್ಸ್ ಹಾಸಿದರೆ ತೇವಕ್ಕೆ ಹೊರಗೆ ಹೋಗುವ ದಾರಿ ಇಲ್ಲ. ಅದು ಒಳಗೇ ನಿಂತು ಉಪ್ಪು ಕಟ್ಟುತ್ತದೆ, ಉಪ್ಪು ಹರಳುಗಟ್ಟಿದಾಗ ಕಲ್ಲು ಹಪ್ಪಳದ ಹಾಗೆ ಪದರ ಬಿಡುತ್ತದೆ. ಹಳೆಯ ಕಲ್ಲುಚಪ್ಪಡಿಯ ನೆಲವನ್ನು ಟೈಲ್ಸಿನಿಂದ ಮುಚ್ಚಬೇಡಿ ಎನ್ನಲು ಇನ್ನೊಂದು ಕಾರಣ: ಆ ಚಪ್ಪಡಿಗಳಲ್ಲೇ ಕೆಲವು ಬೋರಲಾಗಿ ಹಾಸಿದ ಶಾಸನಗಳಾಗಿರುತ್ತವೆ. ಗುಡಿಗೆ ನಿಜವಾಗಿ ಬೇಕಾದ್ದು ಮೇಲುಮಾಡಿನ ದುರಸ್ತಿ. ಅರಳಿ ಸಸಿಯನ್ನು ಬೇರು ಸಮೇತ ತೆಗೆಸಿ, ಸುಣ್ಣ, ಇಟ್ಟಿಗೆ ಪುಡಿ, ಬೆಲ್ಲ, ಅಳಲೆಕಾಯಿಯ ನೀರು ಸೇರಿಸಿ ಅರೆದ ಹಳೆಯ ಗಾರೆಯಿಂದ ಸೋರುವ ಸಂದಿ ಮುಚ್ಚಿಸಿ. ಮಳೆನೀರು ಬುಡದಲ್ಲಿ ನಿಲ್ಲದಂತೆ ಸುತ್ತ ಕಾಲುವೆ ತೆಗೆಸಿ. ಈ ಕೆಲಸ ಗೊತ್ತಿರುವ ಮೇಸ್ತ್ರಿಗಳು ಇನ್ನೂ ಇದ್ದಾರೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಊರವರ ಪಾಲಿನೊಂದಿಗೆ ಇಂಥ ಎಷ್ಟೋ ಹಳೆಯ ಗುಡಿಗಳನ್ನು ಹಳೆಯ ರೂಪಕ್ಕೆ ಕೆಡದಂತೆ ಎತ್ತಿ ನಿಲ್ಲಿಸಿದೆ. ಅವರಿಗೊಂದು ಅರ್ಜಿ ಬರೆಯಿರಿ.

ಕಾನೂನಿನ ಕಡೆಯಿಂದ ನೋಡಬೇಕಾದ್ದು ಎರಡು. ಗುಡಿ ಮುಜರಾಯಿಗೆ ಸೇರಿದ್ದಾದರೆ ತಹಶೀಲ್ದಾರರ ಗಮನಕ್ಕೆ ತಾರದೆ ದುರಸ್ತಿ ಶುರುಮಾಡಬೇಡಿ. ರಾಜ್ಯ ಅಥವಾ ಕೇಂದ್ರದ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಮೊಳೆ ಹೊಡೆಯುವ ಹಾಗೂ ಇಲ್ಲ. ಕೇಂದ್ರದ ಪಟ್ಟಿಯದಾದರೆ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡವೇ ನಿಷಿದ್ಧ. ಹೋದ ದಿನವೇ ಬಯಲಲ್ಲಿ ಬಿದ್ದಿರುವ ಪ್ರತಿ ವಿಗ್ರಹದ ಫೋಟೋ ತೆಗೆದಿಡಿ, ಎದುರಿನಿಂದ, ಹಿಂದಿನಿಂದ, ಅಳತೆ ಸಮೇತ. ನಿಧಿಯಾಸೆಗೆ ಬಸವನ ಬುಡ ಅಗೆಯುವವರು, ವಿಗ್ರಹ ಹೊತ್ತೊಯ್ಯುವವರು ಇರುವ ಕಾಲ. ಕಳವಾದ ಮೂರ್ತಿ ಎಲ್ಲೋ ಪತ್ತೆಯಾದಾಗ ಇದು ನಮ್ಮೂರದು ಎಂದು ತೋರಿಸಲು ಫೋಟೋ ಇಲ್ಲದೆ ಸೋತ ಊರುಗಳನ್ನು ಕಂಡಿದ್ದೇನೆ.

ಕೊನೆಗೆ ಮತ್ತೆ ಆ ಅರ್ಧ ಹೂತ ಕಲ್ಲು. ನೆಲದ ಮೇಲೆ ಕಾಣುವ ಭಾಗದಲ್ಲಿ ಶ್ಲೋಕ, ರಾಜನ ಬಿರುದು, ಅದೃಷ್ಟವಿದ್ದರೆ ತೇದಿ ಇರುತ್ತದೆ. ಯಾರು ಏನು ಕೊಟ್ಟರು, ಗದ್ದೆ ಎಲ್ಲಿತ್ತು, ಗಾಣ ಎಷ್ಟಿದ್ದವು, ದೇವರ ಹಳೆಯ ಹೆಸರೇನು, ಸಾಕ್ಷಿ ನಿಂತ ಗೌಡಪ್ರಜೆಗಳು ಯಾರು ಎಂಬುದೆಲ್ಲ ಮಣ್ಣಿನೊಳಗಿನ ಭಾಗದಲ್ಲಿದೆ. ನೀವೇ ಗುದ್ದಲಿ ಹಾಕಬೇಡಿ, ಕಲ್ಲು ವಾಲಿದರೆ ನಡುಮುರಿಯುತ್ತದೆ. ಮೊದಲು ಐದನೆಯ ಸಂಪುಟ ನೋಡಿ. ಅದರಲ್ಲಿ ಇಲ್ಲವಾದರೆ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಫೋಟೋ ಸಮೇತ ಪತ್ರ ಬರೆಯಿರಿ. ಅವರು ಬಂದು ಮಣ್ಣು ಬಿಡಿಸುವ ದಿನ ಊರವರೆಲ್ಲ ಅಲ್ಲಿರುವಂತೆ ನೋಡಿಕೊಳ್ಳಿ, ಬಣ್ಣದ ಡಬ್ಬ ತರಲು ಹೊರಟಿದ್ದ ಹುಡುಗರೇ ಮುಂದೆ ನಿಂತು ನೀರು ಹೊರಲಿ. ಓರೆಬೆಳಕಿನಲ್ಲಿ ತೆಗೆದ ಮೂರು ಫೋಟೋಗಳನ್ನು ನನಗೂ ಕಳಿಸಿ. ಮೇಲಿನ ಸಾಲುಗಳನ್ನಾದರೂ ಓದಿ ಹೇಳುತ್ತೇನೆ.